ಊರಿನ ಎದೆನೋವಿಗೆ ದೂರದ ಡಾಕ್ಟರು



ಟೆಲಿಮೆಡಿಸಿನ್ ಎಂಬ ಮಾತು ಈಗ ಯಾರಿಗೂ ಹೊಸದಲ್ಲ. ಕೊರೊನಾ ಕಾಲದಲ್ಲಿ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿದ್ದಾಗ ನಮ್ಮಲ್ಲಿ ಹಲವರು ಮೊಬೈಲಿನಲ್ಲಿ ಡಾಕ್ಟರ ಮುಖ ನೋಡಿ, ನಾಲಿಗೆ ಚಾಚಿ ತೋರಿಸಿ, ಔಷಧ ಬರೆಸಿಕೊಂಡವರೇ. ಮುಂಬಯಿ, ಪುಣೆ, ಚೆನ್ನೈ, ದೆಹಲಿಯಂಥ ಊರುಗಳಲ್ಲಿ ಅದೊಂದು ಅನುಕೂಲ, ಅಷ್ಟೆ. ಟ್ರಾಫಿಕ್ಕಿನಲ್ಲಿ ಕಳೆಯುವ ಒಂದು ಗಂಟೆ ಉಳಿಯಿತು, ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವುದು ತಪ್ಪಿತು. ನಾನು ಇವತ್ತು ಮಾತಾಡಬೇಕೆಂದಿರುವುದು ಆ ಅನುಕೂಲದ ವಿಷಯವಲ್ಲ. ನಾವು ಬಿಟ್ಟು ಬಂದ ಊರುಗಳಿವೆಯಲ್ಲ, ಅಪ್ಪ ಅಮ್ಮ, ದೊಡ್ಡಪ್ಪ, ಚಿಕ್ಕಮ್ಮ ಇನ್ನೂ ಇರುವ ಊರುಗಳು, ಅಲ್ಲಿ ಹೃದ್ರೋಗ ತಜ್ಞರು ನೂರು ಕಿಲೋಮೀಟರು ಆಚೆ ಇರುತ್ತಾರೆ. ಅಂಥ ಕಡೆ ಎದೆನೋವು ಬಂದ ಮೊದಲ ಎರಡು ಮೂರು ಗಂಟೆಗಳಲ್ಲಿ ಈ ದೂರವೈದ್ಯ ಏನು ಮಾಡಬಲ್ಲದು, ಏನು ಮಾಡಲಾರದು ಎನ್ನುವುದಷ್ಟೇ ಇವತ್ತಿನ ವಿಷಯ. ಒಂದೇ ರೋಗ, ಒಂದೇ ಕಾಗದದ ಪಟ್ಟಿ. ಆ ಪಟ್ಟಿಯ ಹೆಸರು ಇಸಿಜಿ.

ಈ ಕಥೆ ಶುರುವಾಗುವುದು ಉಪಗ್ರಹದಿಂದಲೂ ಅಲ್ಲ, ಇಂಟರ್ನೆಟ್ಟಿನಿಂದಲೂ ಅಲ್ಲ. ಅದು 1905ನೇ ಇಸವಿ, ಹಾಲೆಂಡಿನ ಲೈಡನ್ ಎಂಬ ಊರು. ವಿಲೆಮ್ ಐಂಥೋವನ್ ಎಂಬ ವಿಜ್ಞಾನಿ ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವೊಂದನ್ನು ಕಟ್ಟಿದ್ದರು. ಇವತ್ತಿನ ಇಸಿಜಿ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಬಹುದು. ಅವರದು ಸುಮಾರು 270 ಕಿಲೋ ತೂಕದ್ದು. ರೋಗಿ ಎರಡೂ ಕೈ ಮತ್ತು ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಯಂತ್ರವಿದ್ದದ್ದು ಅವರ ಪ್ರಯೋಗಾಲಯದಲ್ಲಿ, ರೋಗಿಗಳಿದ್ದದ್ದು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿ. ಯಂತ್ರವನ್ನು ಒಯ್ಯುವ ಹಾಗಿಲ್ಲ, ಹಾಸಿಗೆ ಹಿಡಿದವರನ್ನು ಎತ್ತಿ ತರುವ ಹಾಗೂ ಇಲ್ಲ. ಆಗ ಐಂಥೋವನ್ ಟೆಲಿಫೋನಿನ ತಂತಿಯ ಮೂಲಕ ಆಸ್ಪತ್ರೆಯ ರೋಗಿಯ ಎದೆಬಡಿತವನ್ನು ತಮ್ಮ ಕೋಣೆಗೆ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅಂದರೆ ಇಸಿಜಿ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದು ದೂರಕ್ಕೆ ಪ್ರಯಾಣ ಮಾಡುವುದನ್ನೂ ಕಲಿತಿತ್ತು. ಒಂದು ವಿಷಯ ಗಮನಿಸಿ. ತಂತಿಯ ಈ ತುದಿಯಲ್ಲಿ ಮಹಾ ವಿಜ್ಞಾನಿ ಇದ್ದರು, ಸರಿ. ಆ ತುದಿಯಲ್ಲಿ ರೋಗಿಯ ಕೈಯನ್ನು ಪಾತ್ರೆಯಲ್ಲಿ ಸರಿಯಾಗಿ ಅದ್ದಿಸಿ ಕೂರಿಸಿದ ಒಬ್ಬರು ಇರಲೇಬೇಕಲ್ಲ? ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಹೃದಯಾಘಾತದಲ್ಲಿ ಆಗುವುದೇನು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆ ನಾಳವನ್ನೇ ನಂಬಿದ ಸ್ನಾಯು ಸಾಯತೊಡಗುತ್ತದೆ. ಒಮ್ಮೆಗೇ ಅಲ್ಲ, ಗಂಟೆಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ. ಬದುಕಿ ಉಳಿದವರೂ ಮುಂದೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವುದು ಈ ಕಾರಣಕ್ಕೆ. ಮುಚ್ಚಿದ ದಾರಿ ತೆರೆಯಲು ಎರಡು ಉಪಾಯಗಳಿವೆ. ಒಂದು, ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಗೆ ಒಯ್ದು ಬಲೂನು ಹಾಕಿ ಸ್ಟೆಂಟ್ ಕೂರಿಸುವುದು. ಎರಡು ಗಂಟೆಯೊಳಗೆ ಅದು ಸಾಧ್ಯವಾದರೆ ಅದೇ ಒಳ್ಳೆಯದು. ಸಾಧ್ಯವಿಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು. ಇದರ ಫಲ ಹೆಚ್ಚು ಸಿಗುವುದು ಮೊದಲ ಮೂರು ಗಂಟೆಗಳಲ್ಲಿ. ಹನ್ನೆರಡು ಗಂಟೆಯವರೆಗೂ ಕೊಡುವುದುಂಟು, ಆದರೆ ಹೊತ್ತು ಹೋದಷ್ಟೂ ಉಳಿಸಿಕೊಳ್ಳಲು ಸ್ನಾಯುವೇ ಕಡಿಮೆಯಾಗುತ್ತಾ ಹೋಗುತ್ತದೆ. ಈ ಎರಡರಲ್ಲಿ ಯಾವುದನ್ನು ಮಾಡುವುದಕ್ಕೂ ಮೊದಲು ಬೇಕಾದದ್ದು ಇಸಿಜಿ. ಎದೆನೋವಿನ ರೋಗಿ ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಿರಬೇಕು ಎನ್ನುವುದು ವೈದ್ಯರು ಒಪ್ಪಿಕೊಂಡ ನಿಯಮ.

ಹತ್ತು ನಿಮಿಷ! ನಮ್ಮ ಮಲೆನಾಡಿನ ಒಂದು ಒಂಟಿಮನೆಯಿಂದ ಡಾಂಬರು ರಸ್ತೆಗೆ ಬರಲಿಕ್ಕೇ ಅರ್ಧ ಗಂಟೆ ಬೇಕು. ಮಳೆಗಾಲದಲ್ಲಿ ಚಾರ್ಮಾಡಿಯೋ ಶಿರಾಡಿಯೋ ಕುಸಿದು ಕೂತರೆ ಮಂಗಳೂರೆಂಬುದು ಬೇರೆ ದೇಶ. ಉತ್ತರ ಕನ್ನಡದವರ ಪಾಡು ಇನ್ನೂ ಹೆಚ್ಚಿನದು. 2022ರ ಜುಲೈಯಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿಗೆ ಅಪ್ಪಳಿಸಿ ನಾಲ್ವರು ಸತ್ತದ್ದು ನಿಮಗೆ ನೆನಪಿರಬಹುದು. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂದು ಆಗ ಆ ಜಿಲ್ಲೆಯೇ ಕೂಗೆದ್ದಿತು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಎಷ್ಟು ಆಸ್ಪತ್ರೆ ಕಟ್ಟಿದರೂ ಪ್ರತಿ ಹೋಬಳಿಗೆ ಒಬ್ಬ ಹೃದ್ರೋಗ ತಜ್ಞರನ್ನು ತಂದು ಕೂರಿಸಲಾಗದು. ತಜ್ಞರು ಬರಲಾರದ ಕಡೆಗೆ ಅವರ ಕಣ್ಣನ್ನಾದರೂ ಕಳಿಸಬಹುದೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ.

ನಮ್ಮ ದೇಶದಲ್ಲಿ ಇದಕ್ಕೆ ಕೈಹಾಕಿದ ಮೊದಲಿಗರಲ್ಲಿ ಚೆನ್ನೈಯ ಅಪೋಲೊದವರಿದ್ದರು. ಅದರ ಸ್ಥಾಪಕ ಡಾ. ಪ್ರತಾಪ್ ರೆಡ್ಡಿಯವರ ಹುಟ್ಟೂರು ಚಿತ್ತೂರಿನ ಅರಗೊಂಡ. 2000ದ ಮಾರ್ಚ್‌ನಲ್ಲಿ ಅಲ್ಲಿಯ ಟೆಲಿಮೆಡಿಸಿನ್ ಕೇಂದ್ರಕ್ಕೆ ಚಾಲನೆ ಕೊಟ್ಟವರು ಆಗ ಭಾರತಕ್ಕೆ ಬಂದಿದ್ದ ಅಮೆರಿಕದ ಅಧ್ಯಕ್ಷ ಕ್ಲಿಂಟನ್. ಸುದ್ದಿ ದೊಡ್ಡದಾಗಲು ಅದಕ್ಕಿಂತ ಇನ್ನೇನು ಬೇಕು! ನನಗೆ ಹೆಚ್ಚು ಕುತೂಹಲ ಇರುವುದು ಅದರ ಮುಂದಿನ ಅಧ್ಯಾಯದಲ್ಲಿ. ಇಸ್ರೋ ಸಂಸ್ಥೆ ತನ್ನ ಉಪಗ್ರಹದ ಸಂಪರ್ಕ ಕೊಟ್ಟಿತು. ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ಬೆಂಗಳೂರಿನ ತುದಿಯಲ್ಲಿ ನಿಂತಿತು. ಇನ್ನೊಂದು ತುದಿಯಲ್ಲಿದ್ದದ್ದು ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಆಗ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನಲ್ಲಿರುವ ವಿವೇಕಾನಂದ ಸ್ಮಾರಕ ಆಸ್ಪತ್ರೆ. ಸರಗೂರಿನದು ಕಾಡಂಚಿನ ಆಸ್ಪತ್ರೆ. ಜೇನುಕುರುಬರ, ಬೆಟ್ಟಕುರುಬರ ಹಾಡಿಗಳಿಂದ ರೋಗಿಗಳು ಬರುವ ಜಾಗ. 2002ರ ಹೊತ್ತಿಗೆ ಇಲ್ಲಿಯ ಇಸಿಜಿ ಆಕಾಶಕ್ಕೆ ಹೋಗಿ ಬೆಂಗಳೂರಿನಲ್ಲಿ ಇಳಿಯತೊಡಗಿತು.

ಆಗಿನ ಪತ್ರಿಕೆಗಳಲ್ಲಿ ಬಂದ ಚಿತ್ರಗಳಲ್ಲಿ ಕಾಣುತ್ತಿದ್ದದ್ದು ದೊಡ್ಡ ಛತ್ರಿಯಂಥ ಆಂಟೆನಾ ಮತ್ತು ಟಿವಿ ಪರದೆ. ಕೆಲಸ ಮಾಡಿದ್ದು ಅದಲ್ಲ. ಜಿಲ್ಲಾಸ್ಪತ್ರೆಯಲ್ಲಿ ಹೃದಯದ ತುರ್ತು ಚಿಕಿತ್ಸೆಗೆಂದು ಒಂದು ಕೋಣೆ ತಯಾರಾಯಿತು. ಅಲ್ಲಿಯ ಡಾಕ್ಟರಿಗೂ ನರ್ಸಿಗೂ ತರಬೇತಿ ಸಿಕ್ಕಿತು. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಅಲ್ಲಿಯೇ ಸಿಗುವ ಹಾಗಾಯಿತು. ಈ ಮೂರೂ ಇದ್ದದ್ದರಿಂದ ಉಪಗ್ರಹಕ್ಕೆ ಅರ್ಥ ಬಂತು. ಮುಂದಿನ ವರ್ಷಗಳಲ್ಲಿ ದೇಶದ ಬೇರೆ ಬೇರೆ ಕಡೆ ನೂರಾರು ಆಂಟೆನಾಗಳು ಎದ್ದವು. ಹಲವು ಕಡೆ ಅವು ಚೆನ್ನಾಗಿ ನಡೆದವು, ಹಲವು ಕಡೆ ಧೂಳು ಹಿಡಿದು ಕೂತವು. ಕೆಟ್ಟದ್ದು ಉಪಗ್ರಹವಲ್ಲ. ಕಲಿತ ಡಾಕ್ಟರು ವರ್ಗವಾಗಿ ಹೋದರು, ಬ್ಯಾಟರಿ ಸತ್ತಿತು, ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸರಕಾರಿ ಆಸ್ಪತ್ರೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕರಾವಳಿಗೆ ಬರೋಣ. ಈ ಕಾರ್ಯಕ್ರಮ ಕೇಳುವ ಮುಂಬಯಿಯ ಕನ್ನಡಿಗರಲ್ಲಿ ದಕ್ಷಿಣ ಕನ್ನಡ, ಉಡುಪಿಯವರು ಎಷ್ಟು ಮಂದಿ ಎಂಬುದು ನನಗೆ ಗೊತ್ತುಂಟು. ಮಂಗಳೂರಿನ ಕೆಎಂಸಿ ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಚಿಕ್ಕ ವಯಸ್ಸಿನ ಒಬ್ಬ ಆಟೋ ಚಾಲಕ ಹೃದಯಾಘಾತವಾಗಿ ತೀರ ತಡವಾಗಿ ಆಸ್ಪತ್ರೆ ಸೇರಿ ಬದುಕದೆ ಹೋದದ್ದು ತಮ್ಮನ್ನು ಕಾಡಿತು ಎಂದು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಹತ್ತಿರದಲ್ಲೆಲ್ಲಾದರೂ ಒಂದು ಇಸಿಜಿ ಆಗಿದ್ದರೆ? ಆ ಪ್ರಶ್ನೆ ಹಿಡಿದುಕೊಂಡು 2018ರಲ್ಲಿ ಅವರು ಒಂದು ಕೆಲಸ ಶುರುಮಾಡಿದರು. ಹೆಸರು ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್, ಮನೆಬಾಗಿಲಿಗೆ ಹೃದಯ ಚಿಕಿತ್ಸೆ ಎಂದು ಅರ್ಥ. ದಾನಿಗಳಿಂದ ಇಸಿಜಿ ಯಂತ್ರಗಳನ್ನು ಕೊಡಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಹಳ್ಳಿಯ ಕ್ಲಿನಿಕ್ಕುಗಳಿಗೆ, ಜನೌಷಧಿ ಕೇಂದ್ರಗಳಿಗೆ ಉಚಿತವಾಗಿ ಹಂಚಿದರು. ಹಳ್ಳಿಯ ಡಾಕ್ಟರುಗಳನ್ನೂ ತಜ್ಞರನ್ನೂ ಸೇರಿಸಿ ವಾಟ್ಸಾಪ್ ಗುಂಪುಗಳನ್ನು ಮಾಡಿದರು. ಘಟ್ಟದ ಮೇಲಿನ ಚಿಕ್ಕಮಗಳೂರು, ಕೊಡಗಿನ ಕಡೆಗೂ ಅದು ಹಬ್ಬಿತು.

ಉಪಗ್ರಹ ಇಲ್ಲ, ಆಂಟೆನಾ ಇಲ್ಲ. ಹಳ್ಳಿಯ ಡಾಕ್ಟರು ಇಸಿಜಿ ತೆಗೆದು ಮೊಬೈಲಿನಲ್ಲಿ ಫೋಟೋ ಹೊಡೆದು ಗುಂಪಿಗೆ ಹಾಕುತ್ತಾರೆ. ಹಗಲೋ ರಾತ್ರಿಯೋ, ಗುಂಪಿನಲ್ಲಿ ಎಚ್ಚರ ಇರುವ ತಜ್ಞರು ನೋಡಿ ಉತ್ತರ ಬರೆಯುತ್ತಾರೆ. ಮದುವೆಯ ಊಟದ ಪಂಕ್ತಿಯ ಫೋಟೋ ಕಳಿಸುವಷ್ಟೇ ಸುಲಭ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಈ ಏನೂ ಅಲ್ಲದ್ದರ ಒಳಗೆ ಏನೇನಿದೆ ಎಂದು ಸ್ವಲ್ಪ ನಿಂತು ನೋಡೋಣ.

ಇಸಿಜಿ ತೆಗೆಯಲು ಹತ್ತು ಜಾಗಗಳಲ್ಲಿ ತಂತಿ ಹಚ್ಚಬೇಕು. ಕೈಕಾಲಿಗೆ ನಾಲ್ಕು, ಎದೆಗೆ ಆರು. ಎದೆಯ ಆರು ಒಂದು ಪಕ್ಕೆಲುಬಿನಷ್ಟು ಮೇಲೆ ಕೆಳಗೆ ಆದರೂ ಇಲ್ಲದ ರೋಗ ಕಾಣಬಹುದು, ಇರುವ ರೋಗ ಮರೆಯಾಗಬಹುದು. ಎದೆನೋವಿನ ರೋಗಿ ಬೆವರಿರುತ್ತಾನೆ, ಒದ್ದೆ ಮೈಗೆ ತಂತಿ ಅಂಟುವುದಿಲ್ಲ, ಒರೆಸಬೇಕು. ಭಯದಿಂದಲೋ ಚಳಿಯಿಂದಲೋ ನಡುಗುತ್ತಿದ್ದರೆ ಗೆರೆಯೆಲ್ಲ ಗರಗಸದ ಹಲ್ಲಿನ ಹಾಗೆ ಬರುತ್ತದೆ, ಸಮಾಧಾನ ಹೇಳಿ ಮಲಗಿಸಬೇಕು. ಹಳ್ಳಿಯ ಹೆಂಗಸರು ಗಂಡಸೊಬ್ಬ ಬಂದು ಎದೆಗೆ ತಂತಿ ಹಚ್ಚುವುದನ್ನು ಒಪ್ಪದೆ ‘ಏನೂ ಇಲ್ಲ, ಈಗ ಕಡಿಮೆ ಆಗಿದೆ’ ಎಂದು ಎದ್ದು ಹೊರಡುವುದೂ ಉಂಟು. ಅಲ್ಲಿ ಒಬ್ಬ ಸಿಸ್ಟರ್ ಬೇಕೇ ಬೇಕು. ಕಾಗದ ಹೊರಬಂದ ಮೇಲೆ ಅದನ್ನು ಸಮತಟ್ಟಾಗಿ ಹಾಸಿ, ಟ್ಯೂಬ್‌ಲೈಟಿನ ನೆರಳು ಬೀಳದ ಹಾಗೆ ಫೋಟೋ ಹೊಡೆಯಬೇಕು. ಆ ಕಾಗದವೋ, ನಮ್ಮ ಅಂಗಡಿ ಬಿಲ್ಲಿನ ಜಾತಿಯದು, ಕೆಲವು ತಿಂಗಳಲ್ಲಿ ಅಕ್ಷರ ಮಾಸಿ ಬೆಳ್ಳಗಾಗುತ್ತದೆ. ಆದ್ದರಿಂದ ಹಳೆಯ ಇಸಿಜಿಗಳಿದ್ದರೆ ಜೆರಾಕ್ಸ್ ಮಾಡಿಸಿಡಿ. ಹಳೆಯದು ಪಕ್ಕದಲ್ಲಿದ್ದರೆ ಹೊಸದನ್ನು ಓದುವುದು ಅರ್ಧದಷ್ಟು ಸುಲಭ.

ಇದಿಷ್ಟು ಕೈಯ ಕೆಲಸ. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ನೀರಿನಂಥದಲ್ಲ. ಇತ್ತೀಚೆಗೆ ಪಾರ್ಶ್ವವಾಯು ಬಡಿದವರಿಗೆ, ಆಪರೇಷನ್ ಆದವರಿಗೆ, ಎಲ್ಲಾದರೂ ರಕ್ತ ಸುರಿಯುತ್ತಿರುವವರಿಗೆ ಅದನ್ನು ಕೊಡುವಂತಿಲ್ಲ. ಎಲ್ಲ ಸರಿಯಿದ್ದೂ ನೂರರಲ್ಲೊಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಇದ್ದೇ ಇದೆ. ಈಗ ತಾಲ್ಲೂಕು ಆಸ್ಪತ್ರೆಯ ಒಬ್ಬ ಯುವ ಡಾಕ್ಟರನ್ನು ಕಲ್ಪಿಸಿಕೊಳ್ಳಿ. ರಾತ್ರಿ ಎರಡು ಗಂಟೆ. ಎದುರಿಗೆ ಬೆವರುತ್ತಿರುವ ಯಜಮಾನರು, ಹೊರಗೆ ಎರಡು ಜೀಪು ತುಂಬ ನೆಂಟರು. ಇಂಜೆಕ್ಷನ್ ಕೊಟ್ಟು ಏನಾದರೂ ಹೆಚ್ಚುಕಡಿಮೆಯಾದರೆ ‘ಡಾಕ್ಟರು ಚುಚ್ಚಿ ಕೊಂದರು’ ಎನ್ನುತ್ತಾರೆ. ಕೊಡದೆ ಮುಂದಕ್ಕೆ ಕಳಿಸಿ, ದಾರಿಯಲ್ಲಿ ಸತ್ತರೆ ‘ದೇವರ ಇಚ್ಛೆ’ ಎನ್ನುತ್ತಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬಹಳ ವರ್ಷ ನಮ್ಮಲ್ಲಿ ನಡೆದು ಬಂದದ್ದು ಅದೇ, ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸುವುದು. ಅವರನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ.

ದೂರದ ತಜ್ಞರ ಉತ್ತರ ಬೆಲೆಬಾಳುವುದು ಇಲ್ಲಿ. ‘ಇದು ಹೃದಯಾಘಾತವೇ, ಇಂಜೆಕ್ಷನ್ ಕೊಡಿ, ನಾನು ಫೋನಿನಲ್ಲಿದ್ದೇನೆ’ ಎಂಬ ಒಂದು ಮಾತು ರೋಗದ ಹೆಸರನ್ನಷ್ಟೇ ಹೇಳುವುದಿಲ್ಲ, ಅರ್ಧ ಹೊಣೆಯನ್ನು ತಾನು ಹೊರುತ್ತದೆ. ಟೆಲಿಮೆಡಿಸಿನ್ ಎಂದರೆ ಜ್ಞಾನವನ್ನು ದೂರಕ್ಕೆ ಕಳಿಸುವುದು ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ನನ್ನ ತಿಳುವಳಿಕೆಯಲ್ಲಿ ಅದು ಕಳಿಸುವುದು ಧೈರ್ಯವನ್ನು. ಇಸಿಜಿ ಓದುವುದನ್ನು ಹಳ್ಳಿಯ ಡಾಕ್ಟರೂ ಕಲಿತೇ ಇರುತ್ತಾರೆ. ಒಂಟಿಯಾಗಿ ನಿರ್ಧರಿಸುವುದು ಕಷ್ಟ.

ಇದರಿಂದ ನಿಜವಾಗಿ ಜೀವ ಉಳಿಯುತ್ತದೆಯೇ, ಇಲ್ಲ ಇದೂ ಒಂದು ಪ್ರಚಾರವೇ ಎಂದು ಕೇಳುವವರು ಇದ್ದೀರಿ. ಕೇಳಬೇಕು. ಚೆನ್ನೈಯ ಕೇಳುಗರಿಗೆ ಇದು ಹತ್ತಿರದ ಸುದ್ದಿ. ತಮಿಳುನಾಡಿನಲ್ಲಿ 2012ರಿಂದ 2014ರವರೆಗೆ ಇಂಥದೊಂದು ಜಾಲವನ್ನು ಕಟ್ಟಿ ಪರೀಕ್ಷಿಸಿದರು. ನಡುವೆ ಒಂದು ದೊಡ್ಡ ಆಸ್ಪತ್ರೆ, ಸುತ್ತ ಸಣ್ಣ ಆಸ್ಪತ್ರೆಗಳು, ಚಕ್ರದ ಗುಂಬ ಮತ್ತು ಅರೆಕಾಲುಗಳ ಹಾಗೆ. ಸಣ್ಣ ಆಸ್ಪತ್ರೆಯಲ್ಲಿ ಇಸಿಜಿ, ಅಲ್ಲಿಯೇ ಇಂಜೆಕ್ಷನ್, ಆಮೇಲೆ ದೊಡ್ಡ ಆಸ್ಪತ್ರೆಗೆ ಒಯ್ದು ಆಂಜಿಯೋಗ್ರಾಂ. 2,420 ರೋಗಿಗಳ ಲೆಕ್ಕ ಹಿಡಿದು ನೋಡಿದಾಗ, ಒಂದು ವರ್ಷದೊಳಗೆ ಸತ್ತವರ ಪ್ರಮಾಣ ಜಾಲಕ್ಕೆ ಮೊದಲು ಶೇಕಡಾ 17.6 ಇದ್ದದ್ದು ಜಾಲ ಬಂದ ಮೇಲೆ 14.2ಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲಿದ್ದಾಗಲೇ ಸತ್ತವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿರಲಿಲ್ಲ, ಅದನ್ನೂ ಹೇಳಬೇಕು. ಪವಾಡವೇನಲ್ಲ. ನೂರು ಮಂದಿಯಲ್ಲಿ ಮೂವರು ಹೆಚ್ಚು ಬದುಕಿದರು. ಆ ಮೂವರ ಮನೆಯವರನ್ನು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ಆಮೇಲೆ ಗೋವಾ, ಮಹಾರಾಷ್ಟ್ರಗಳಲ್ಲೂ ಇಂಥ ಜಾಲಗಳು ಬಂದವು.

ಕರ್ನಾಟಕದಲ್ಲಿ ಸರಕಾರವೇ ಇದನ್ನು ಕೈಗೆತ್ತಿಕೊಂಡದ್ದು 2023ರಲ್ಲಿ. 46ನೇ ವಯಸ್ಸಿಗೆ, 2021ರ ಅಕ್ಟೋಬರ್ 29ರಂದು, ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾಡಿಗೆ ನಾಡೇ ಎದೆ ಮುಟ್ಟಿ ನೋಡಿಕೊಂಡಿತಷ್ಟೆ. ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಕಂಪ್ಯೂಟರು ಮೊದಲು ನೋಡುತ್ತದೆ, ಜಯದೇವದಂಥ ಕೇಂದ್ರಗಳಲ್ಲಿರುವ ತಜ್ಞರು ಪರಿಶೀಲಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೃದಯಾಘಾತವೆಂದಾದರೆ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನನ್ನು ಅಲ್ಲಿಯೇ, ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ. ಹಿಂದಿನ ಸ್ಟ್ರೆಪ್ಟೊಕೈನೇಸನ್ನು ಅರ್ಧ ಗಂಟೆ, ಒಂದು ಗಂಟೆ ಹನಿಹನಿಯಾಗಿ ಬಿಡಬೇಕಿತ್ತು. ಇದು ಒಂದೇ ಸಲಕ್ಕೆ, ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಸಣ್ಣ ಆಸ್ಪತ್ರೆಗೆ ಇದೊಂದು ದೊಡ್ಡ ಉಪಕಾರ.

2025ರಲ್ಲಿ ಹಾಸನದ ಕಡೆ ಸರಣಿಯಾಗಿ ಹೃದಯಾಘಾತದ ಸುದ್ದಿಗಳು ಬಂದಾಗ ಜನ ಬೆಳಗಿನ ಜಾವಕ್ಕೇ ಹೊರಟು ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ನೋವೇನೂ ಇಲ್ಲದವರೇ ಹೆಚ್ಚು. ತಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ, ಅದನ್ನು ನೋಡುವುದು ಅದೇ ಜಯದೇವದಂಥ ಕೇಂದ್ರದ ತಜ್ಞರು ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ!

ಇನ್ನು ನಮ್ಮ ನಿಮ್ಮ ವಿಷಯ. ಊರಿನಲ್ಲಿ ಯಜಮಾನರಿಗೆ ಎದೆನೋವು ಬಂತು ಎನ್ನಿ. ಮೊದಲ ಫೋನು ಹೋಗುವುದು ಎಲ್ಲಿಗೆ? ಆಂಬುಲೆನ್ಸಿಗಲ್ಲ, ಮುಂಬಯಿಯಲ್ಲಿರುವ ಮಗನಿಗೆ. ‘ಮಗಾ, ಅಪ್ಪನಿಗೆ ರಾತ್ರಿಯಿಂದ ಎದೆ ಒತ್ತಿ ಹಿಡಿದ ಹಾಗೆ ಆಗ್ತಾ ಉಂಟಂತೆ. ಬೆವರ್ತಾ ಇದ್ದಾರೆ. ನೀನು ಗಾಬರಿ ಮಾಡಿಕೊಳ್ಬೇಡ.’ ಮಗ ಕೇಳುವ ಮೊದಲ ಪ್ರಶ್ನೆ, ‘ನಿನ್ನೆ ರಾತ್ರಿ ಏನು ಊಟ ಮಾಡಿದ್ರಮ್ಮ?’ ಅಲ್ಲಿಗೆ ರೋಗ ನಿರ್ಧಾರವಾಯಿತು, ಗ್ಯಾಸು. ನಮ್ಮಲ್ಲಿ ಗ್ಯಾಸಿನಷ್ಟು ಜೀವ ತೆಗೆದ ಪದ ಬೇರೆ ಇಲ್ಲ. ಮಾತ್ರೆ, ಸೋಡಾ, ಶುಂಠಿ ಕಷಾಯ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನು. ಆಮೇಲೆ ಮಗ ಉಡುಪಿಯ ಭಾವನಿಗೆ ಫೋನು ಮಾಡುತ್ತಾನೆ, ಭಾವ ತನ್ನ ಪರಿಚಯದ ಡಾಕ್ಟರಿಗೆ. ಎಲ್ಲರೂ ಒಳ್ಳೆಯವರು, ಎಲ್ಲರಿಗೂ ಪ್ರೀತಿ. ಗಡಿಯಾರ ಮಾತ್ರ ಯಾರ ನೆಂಟನೂ ಅಲ್ಲ. ಇದೂ ಟೆಲಿಮೆಡಿಸಿನ್ನೇ ನೋಡಿ, ಪರವಾನಗಿ ಇಲ್ಲದ್ದು. ನಿಜವಾದ ಡಾಕ್ಟರುಗಳಿಗೇ ಸರಕಾರ 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ನಿನ ನಿಯಮಾವಳಿ ಕೊಟ್ಟಿತು. ತುರ್ತು ಸ್ಥಿತಿಯಲ್ಲಿ ಫೋನಿನಲ್ಲಿ ಪ್ರಥಮ ಚಿಕಿತ್ಸೆಯ ಸಲಹೆ ಕೊಟ್ಟು ರೋಗಿಯನ್ನು ಆಸ್ಪತ್ರೆಗೆ ಕಳಿಸಬೇಕು ಎಂದು ಅದರಲ್ಲಿದೆ. ಇ-ಸಂಜೀವಿನಿ ಎಂಬ ಸರಕಾರಿ ಸೇವೆಯಲ್ಲಿ 2023ರ ಫೆಬ್ರವರಿಯ ಹೊತ್ತಿಗೇ 10 ಕೋಟಿ ಸಮಾಲೋಚನೆಗಳು ನಡೆದಿದ್ದವು. ಬಿಪಿ, ಸಕ್ಕರೆ ಕಾಯಿಲೆಯವರಿಗೆ ಅದು ತುಂಬ ಒಳ್ಳೆಯದು, ಬಳಸಿಕೊಳ್ಳಿ. ಎದೆನೋವಿಗೆ ಅದೂ ಅಲ್ಲ.

ಹಾಗಾದರೆ ದೂರದಲ್ಲಿರುವ ಮಗ ಏನು ಕೇಳಬೇಕು? ಒಂದೇ ಪ್ರಶ್ನೆ. ‘ಇಸಿಜಿ ಆಯಿತಾ?’ ಆಗಿಲ್ಲವೆಂದರೆ 108ಕ್ಕೆ ಫೋನು ಮಾಡಿಸಿ, ಅಥವಾ ಬೇಗ ಸಿಗುವ ವಾಹನದಲ್ಲಿ ಇಸಿಜಿ ಇರುವ ಅತಿ ಹತ್ತಿರದ ಆಸ್ಪತ್ರೆಗೆ ಹೊರಡಿಸಿ. ಅವರು ತಾವೇ ಸ್ಕೂಟರು ಬಿಡಬಾರದು, ಗುಡ್ಡ ಹತ್ತಿ ರಸ್ತೆಗೆ ನಡೆದು ಬರಬಾರದು, ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಲಿ. ಇಲ್ಲೊಂದು ಮಾತು ಖಾರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಪಟ್ಟಣ ಸೇರಿದ ನಮಗೆ ತಾಲ್ಲೂಕು ಆಸ್ಪತ್ರೆಯೆಂದರೆ ತಾತ್ಸಾರ. ‘ಅಲ್ಲಿ ನಿಲ್ಲಿಸಬೇಡಿ, ನೇರ ಮಂಗಳೂರಿಗೇ ಕರೆದುಕೊಂಡು ಹೋಗಿ, ಹಣದ ಚಿಂತೆ ಮಾಡಬೇಡಿ’ ಎಂದು ಇಲ್ಲಿಂದ ಅಪ್ಪಣೆ ಕೊಡುತ್ತೇವೆ. ಹಣ ಕಳಿಸಬಹುದು, ಸ್ವಾಮಿ, ಕಳೆದ ಎರಡು ಗಂಟೆ ಯಾವ ಬ್ಯಾಂಕಿನಿಂದ ಕಳಿಸುತ್ತೀರಿ? ಇಂಜೆಕ್ಷನ್ ಸಿಗುವ ಬಾಗಿಲನ್ನು ದಾಟಿಕೊಂಡು ಆಂಬುಲೆನ್ಸು ಮುಂದೆ ಓಡುತ್ತದೆ, ನಮ್ಮ ಪ್ರತಿಷ್ಠೆಗಾಗಿ. ದೊಡ್ಡ ಆಸ್ಪತ್ರೆ ಬೇಡ ಎಂದಲ್ಲ. ಇಂಜೆಕ್ಷನ್ ಆದ ಮೇಲೂ ಒಂದು ದಿನದೊಳಗೆ ಆಂಜಿಯೋಗ್ರಾಂ ಆಗಬೇಕು, ಅಲ್ಲಿಗೆ ಹೋಗಲೇಬೇಕು. ಮೊದಲ ಬಾಗಿಲು ಯಾವುದು ಎಂಬುದಷ್ಟೇ ಪ್ರಶ್ನೆ.

ಇನ್ನೊಂದು ಎಚ್ಚರ. ಮೊದಲ ಇಸಿಜಿ ಸರಿಯಾಗಿದೆ ಎಂದರೆ ಎಲ್ಲ ಸರಿಯಾಗಿದೆ ಎಂದು ಅರ್ಥವಲ್ಲ. ನೋವು ಮುಂದುವರಿದರೆ ಸ್ವಲ್ಪ ಹೊತ್ತಿಗೆ ಮತ್ತೊಂದು ತೆಗೆಯಬೇಕು, ರಕ್ತಪರೀಕ್ಷೆಯೂ ಬೇಕಾಗಬಹುದು. ಮನೆಗೆ ಹೊರಡುವ ಅವಸರ ಬೇಡ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರಿಯ ಉಬ್ಬಸ, ಬೆವರು, ದವಡೆ ನೋವು, ಹೊಟ್ಟೆ ತೊಳಸುವಿಕೆಯಾಗಿ ಹೃದಯಾಘಾತ ಬರುವುದುಂಟು. ‘ಜೀವ ಒಂಥರಾ ಆಗ್ತದೆ’ ಎಂದು ಅಮ್ಮ ಹೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇದೇ ಅಮ್ಮ ನಿಮ್ಮ ಪುಣೆಯ ಮನೆಗೆ ಬಂದಾಗ ಹೀಗಾದರೆ, ಅಲ್ಲಿಯ ಡಾಕ್ಟರಿಗೆ ‘ಎದೆ ಉರಿ’, ‘ಎದಿ ಹಿಡದಂಗ’, ‘ಸಂಕಟ’ ಇವುಗಳ ವ್ಯತ್ಯಾಸ ಹೇಗೆ ತಿಳಿಯಬೇಕು? ಅಂಥ ಹೊತ್ತಿನಲ್ಲಿ ಊರಿನ ಡಾಕ್ಟರಿಗೆ ಫೋನು ಹಚ್ಚಿ ಇಬ್ಬರು ವೈದ್ಯರೂ ಮಾತಾಡುವ ಹಾಗೆ ಮಾಡಿ. ದೂರವೈದ್ಯ ಊರಿನಿಂದ ಪಟ್ಟಣದ ಕಡೆಗೂ ಹರಿಯಬಲ್ಲದು. ಆದರೆ ಅದು ಇಸಿಜಿ ಆಗುತ್ತಿರುವಾಗ, ಆಗುವ ಮೊದಲಲ್ಲ.

ಕೊನೆಯದಾಗಿ, ಮುಂಬಯಿ ಪುಣೆಗಳ ನಮ್ಮ ಸಂಘಗಳವರಿಗೆ ಒಂದು ಮಾತು. ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ, ಶಾಲೆಯ ಶತಮಾನೋತ್ಸವಕ್ಕೆ ನೀವು ಕೈಬಿಚ್ಚಿ ಕೊಡುವುದನ್ನು ಎಲ್ಲರೂ ಬಲ್ಲರು. ಇಸಿಜಿ ಯಂತ್ರ ಒಂದು ಒಳ್ಳೆಯ ಮೊಬೈಲ್ ಫೋನಿನ ಬೆಲೆಗೆ ಬರುತ್ತದೆ. ಕೊಡುವುದಾದರೆ ಕೊಡಿ. ಕೊಟ್ಟು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ರೈಲು ಹತ್ತಬೇಡಿ. ಮುಂದಿನ ಸಲ ಚೌತಿಗೋ ಜಾತ್ರೆಗೋ ಊರಿಗೆ ಹೋದಾಗ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಂದು ಸಂಜೆ ಹೋಗಿ ಬನ್ನಿ. ಇಸಿಜಿ ತೆಗೆಯಲು ಬರುವ ಸಿಸ್ಟರ್ ಯಾರು, ಅವರು ರಜೆಯಲ್ಲಿದ್ದಾಗ ಇನ್ಯಾರು, ರಾತ್ರಿ ಹೊತ್ತು ಎಲ್ಲಿಗೆ ಹೋಗಬೇಕು ಎಂದು ವಿಚಾರಿಸಿ, ಆ ನಂಬರನ್ನು ಮನೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟು ಬನ್ನಿ. ಹಾಗೆಯೇ ಯಂತ್ರದೊಳಗೆ ಕಾಗದದ ರೋಲು ಇದೆಯೇ ಎಂದು ಮುಚ್ಚಳ ತೆಗೆಸಿ ನೋಡಿ. ಇಲ್ಲದಿದ್ದರೆ ಅರ್ಧ ಡಜನ್ ತಂದುಕೊಡಿ.